ನಾಲ್ಕು ತಾಸಿನ ಲೆಕ್ಕ

ಹಳೆಯ ವೇತನ ಒಪ್ಪಂದದ ಅವಧಿ ಮುಗಿಯುತ್ತ ಬಂದಾಗ ಕಾರ್ಮಿಕ ಸಂಘ ಏನು ಮಾಡುತ್ತದೆ ಎಂಬುದನ್ನು ಬೆಳಗಾವಿಯ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಇದು ಉದ್ಯಮಬಾಗದ ಫೌಂಡ್ರಿಗಳ ಊರು. ಸಂಘ ಸಭೆ ಕರೆಯುತ್ತದೆ, ಬೇಡಿಕೆ ಪಟ್ಟಿ ಬರೆದು ಮಾಲೀಕರ ಕೈಗೆ ಕೊಡುತ್ತದೆ, ಎಳೆದಾಟ ನಡೆಯುತ್ತದೆ, ಕೊನೆಗೊಂದು ದಿನ ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕುತ್ತಾರೆ. ಅದೇ ಬೆಳಗಾವಿ ಅಂಚೆ ವಿಭಾಗದಲ್ಲಿ, ಖಾನಾಪುರದ ಕಾಡಂಚಿನ ಹಳ್ಳಿಗಳವರೆಗೆ ಟಪಾಲು ಮುಟ್ಟಿಸುವ ಗ್ರಾಮೀಣ ಅಂಚೆ ನೌಕರರಿಗೆ ಇಂಥದೊಂದು ಸಹಿಯ ಯೋಗ ಇವತ್ತಿನವರೆಗೂ ಬಂದಿಲ್ಲ. ಅವರ ಪಗಾರ ಎಷ್ಟು, ದಿನಕ್ಕೆ ಎಷ್ಟು ತಾಸಿನ ಕೆಲಸ ಎಂಬುದನ್ನು ಹತ್ತು ವರ್ಷಕ್ಕೊಮ್ಮೆ ದಿಲ್ಲಿಯಲ್ಲಿ ನೇಮಕವಾಗುವ ಸಮಿತಿ ಹೇಳುತ್ತದೆ. ಸರಕಾರ ಅದರಲ್ಲಿ ತನಗೆ ಒಪ್ಪಿಗೆಯಾದದ್ದನ್ನು ಜಾರಿ ಮಾಡುತ್ತದೆ. ಸಂಘದವರು ಪ್ರತಿ ಸಲವೂ ಮಾತುಕತೆಗೆಂದೇ ತಯಾರಾಗುತ್ತಾರೆ. ನಡೆಯುವುದು ಮಾತ್ರ ಮನವಿ ಸಲ್ಲಿಕೆ. ಹೀಗೇಕಾಯಿತು ಎಂದು ತಿಳಿಯಲು ಒಂದೂವರೆ ಶತಮಾನಕ್ಕಿಂತ ಹಿಂದಕ್ಕೆ ಹೋಗಬೇಕು.

ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ, 1854ರ ಕಾಯ್ದೆಯಿಂದ, ದೇಶಕ್ಕೆಲ್ಲ ಒಂದೇ ಅಂಚೆ ದರ ಬಂತು. ಅರ್ಧ ಆಣೆಯ ಚೀಟಿ ಹಚ್ಚಿದರೆ ಕಾಗದ ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಪಟ್ಟಣಗಳಲ್ಲಿ ಕಚೇರಿ ತೆರೆಯುವುದು ಸುಲಭವಾಗಿತ್ತು. ದಿನಕ್ಕೆ ನಾಲ್ಕೈದು ಕಾಗದ ಬರುವ ಹಳ್ಳಿಯಲ್ಲಿ ಪೂರ್ಣ ಪಗಾರದ ಪೋಸ್ಟ್‌ಮಾಸ್ತರನನ್ನು ಇಡುವುದು ಸರಕಾರಕ್ಕೆ ದುಬಾರಿಯಾಗಿ ಕಂಡಿತು. ಅದಕ್ಕೆ ಕಂಡುಕೊಂಡ ಉಪಾಯ ಇಲಾಖೇತರ ವ್ಯವಸ್ಥೆ. ಊರ ಶಾಲಾ ಮಾಸ್ತರ, ಅಂಗಡಿಯವ, ಪಿಂಚಣಿದಾರ, ಹೀಗೆ ಹೊಟ್ಟೆಪಾಡಿಗೆ ಬೇರೆ ದಾರಿಯಿದ್ದ ಯಾರಾದರೂ ಬಿಡುವಿನ ಹೊತ್ತಿನಲ್ಲಿ ಅಂಚೆಯ ಕೆಲಸ ನೋಡಿಕೊಳ್ಳಬೇಕು, ಇಲಾಖೆ ಅವರಿಗೆ ಒಂದಿಷ್ಟು ಭತ್ಯೆ ಕೊಡಬೇಕು. ಪೋಸ್ಟ್ ಆಫೀಸಿಗೆ ಜಾಗವನ್ನೂ ಅವರೇ ಒದಗಿಸಬೇಕು. ಅಲ್ಲಿಂದ ಬಂದದ್ದೇ ಹಳ್ಳಿಗಳಲ್ಲಿ ಮನೆಯ ಪಡಸಾಲೆಯೇ ಪೋಸ್ಟ್ ಆಫೀಸಾಗುವ ಪದ್ಧತಿ. ಈ ಕೆಲಸಕ್ಕೆ ಸೇರುವವರಿಗೆ ಬೇರೆ ಆದಾಯ ಇರಬೇಕೆಂಬ ಷರತ್ತು ನಿಯಮಗಳಲ್ಲಿ ಉಳಿದುಕೊಂಡು ಬಂತು. ಬಿಡುವಿನ ಹೊತ್ತಿನ ಕೆಲಸ ಎಂಬ ಆ ಮೊದಲ ಕಲ್ಪನೆಯೇ ಮುಂದಿನ ಎಲ್ಲ ಜಗಳಕ್ಕೂ ಬೇರು.

ಕಲ್ಪನೆ ಬೇರೆ, ಖಾನಾಪುರ ತಾಲೂಕು ಬೇರೆ. ಬೆಳಗಾವಿಯಿಂದ ಇಪ್ಪತ್ತೈದು ಕಿ.ಮೀ. ಆಸುಪಾಸಿನಲ್ಲಿರುವ ಈ ಊರಿನ ಪೂರ್ವಕ್ಕೆ ಬೀಡಿ, ಇಟಗಿ, ಕಕ್ಕೇರಿಗಳ ಸೀಮೆ. ಪಶ್ಚಿಮಕ್ಕೆ ಜಾಂಬೋಟಿ ದಾಟಿದರೆ ಪೂರ್ತಿ ಮಲೆನಾಡು. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿದೆ, ಮಹದಾಯಿಯ ಮೂಲವಾದ ದೇಗಾಂವ ಅಲ್ಲಿದೆ. ಅಮಗಾಂವ, ಗವಳಿ, ಪಾಸ್ತೋಳಿ, ಕೊಂಗಳಾದಂಥ ಹಳ್ಳಿಗಳು 2011ರಲ್ಲಿ ವನ್ಯಧಾಮವಾದ ಭೀಮಗಡ ಕಾಡಿನೊಳಗೇ ಉಳಿದಿವೆ. ಮಳೆ ಹಿಡಿಯಿತೆಂದರೆ ಹಳ್ಳಗಳು ಉಕ್ಕಿ ದಾರಿ ಕಟ್ಟುತ್ತದೆ. ವಿಳಾಸ ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು. ಓದಿ ಸರಿಯಾದ ಮನೆಗೆ ಮುಟ್ಟಿಸುವವರಿಗೆ ಎರಡೂ ಬರಬೇಕು. 1887-88ರ ಹೊತ್ತಿಗೆ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ದಾರಿಯಾಗಿ ಗೋವೆಯ ಬಂದರಿನವರೆಗೆ ರೈಲು ಹಳಿ ಬಿದ್ದ ಮೇಲೆ ಟಪಾಲು ಚೀಲ ಸ್ಟೇಷನ್ನಿನವರೆಗೆ ವೇಗವಾಗಿ ಬರತೊಡಗಿತು. ಸ್ಟೇಷನ್ನಿನಿಂದ ಮುಂದಿನ ದಾರಿ ಕಾಲಿನದು, ಆಮೇಲೆ ಸೈಕಲ್ಲಿನದು, ಈಗ ನೌಕರರ ಸ್ವಂತ ಬೈಕಿನದು.

ಶಾಖಾ ಅಂಚೆ ಕಚೇರಿಯ ಒಂದು ದಿನವನ್ನು ಹತ್ತಿರದಿಂದ ನೋಡಬೇಕು. ಉಪ ಕಚೇರಿಯಿಂದ ಚೀಲ ಬರುತ್ತದೆ. ಪೋಸ್ಟ್‌ಮಾಸ್ತರರು ಮೊದಲು ಅರಗಿನ ಸೀಲು ನೆಟ್ಟಗಿದೆಯೇ ನೋಡುತ್ತಾರೆ, ಆಮೇಲೆ ಚೀಲ ಬಿಚ್ಚುತ್ತಾರೆ. ಒಳಗಿನ ಸ್ಲಿಪ್ಪಿನಲ್ಲಿ ಬರೆದಷ್ಟು ರಜಿಸ್ಟರ್, ಅಷ್ಟೇ ಮನಿಯಾರ್ಡರ್, ಅಷ್ಟೇ ನಗದು ಇರಬೇಕು. ಒಂದು ಹೆಚ್ಚು ಕಡಿಮೆಯಾದರೂ ಅವತ್ತೇ ವರದಿ ಹೋಗಬೇಕು. ಮುದ್ರೆಗೆ ಅವತ್ತಿನ ತಾರೀಕು ಕೂರಿಸಿ ಬಂದ ಟಪಾಲಿಗೆಲ್ಲ ಒತ್ತಬೇಕು. ನಂತರ ಬಟವಾಡೆ. ಪುಟ್ಟ ಕಚೇರಿಯಾದರೆ ಪೋಸ್ಟ್‌ಮಾಸ್ತರರೇ ಪೋಸ್ಟ್‌ಮನ್ನೂ ಆಗಬೇಕು, ಚೀಲ ಹೊರುವವರೂ ಆಗಬೇಕು. ತಿರುಗಿ ಬಂದ ಮೇಲೆ ಉಳಿತಾಯ ಖಾತೆಯ ಪಾಸ್‌ಬುಕ್, ಆರ್.ಡಿ. ಕಂತು, ಗ್ರಾಮೀಣ ಅಂಚೆ ವಿಮೆ. ಕೊನೆಗೆ ದಿನದ ಲೆಕ್ಕ ಮುಗಿಸಿ ಚೀಲಕ್ಕೆ ಮತ್ತೆ ಸೀಲು. ರಜೆ ಬೇಕೆಂದರೆ ಬದಲಿ ಆಳನ್ನು ತಾವೇ ಹುಡುಕಿ ಕೊಡಬೇಕು, ಆ ಬದಲಿಯವರು ಮಾಡುವ ತಪ್ಪಿಗೂ ತಾವೇ ಹೊಣೆ. ಅದಕ್ಕೇ ಎಷ್ಟೋ ಹಳ್ಳಿಗಳಲ್ಲಿ ಪೋಸ್ಟ್‌ಮಾಸ್ತರರ ಹೆಂಡತಿಗೋ ಮಗನಿಗೋ ಅಂಚೆಯ ಕೆಲಸ ಪೂರ್ತಿ ಗೊತ್ತಿರುತ್ತದೆ.

ಈ ದಿನವನ್ನು ಇಲಾಖೆ ಅಳೆದದ್ದು ಅಂಕಗಳಲ್ಲಿ. ಇಷ್ಟು ರಜಿಸ್ಟರ್‌ಗೆ ಇಷ್ಟು ಅಂಕ, ಇಷ್ಟು ಮನಿಯಾರ್ಡರ್‌ಗೆ ಇಷ್ಟು, ಖಾತೆಯ ವ್ಯವಹಾರಕ್ಕೆ ಇಷ್ಟು. ಅಂಕ ಕೂಡಿಸಿದರೆ ತಾಸು, ತಾಸು ನೋಡಿ ಭತ್ಯೆ. ಲೆಕ್ಕ ನಿಷ್ಪಕ್ಷಪಾತವಾಗಿಯೇ ಕಾಣುತ್ತದೆ. ಇಪ್ಪತ್ತು ಮನೆಯ ಕಾಡಿನ ಹಳ್ಳಿಯಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ. ಮನೆ ಕಡಿಮೆ, ಆದ್ದರಿಂದ ವ್ಯವಹಾರ ಕಡಿಮೆ, ಆದ್ದರಿಂದ ಅಂಕ ಕಡಿಮೆ. ಹಳ್ಳ ಇಳಿಯಲೆಂದು ಕಾದು ನಿಂತ ಹೊತ್ತಿಗೆ ಅಂಕವಿಲ್ಲ. ತಡವಾಗಿ ಬಂದ ಬಸ್ಸಿಗೆ ಅಂಕವಿಲ್ಲ. ಪತ್ರ ಓದಿ ಹೇಳಿ ಎಂದು ಕೂರಿಸಿಕೊಂಡ ಅಜ್ಜಿಗಂತೂ ಇಲ್ಲವೇ ಇಲ್ಲ. ಅತಿ ಕಷ್ಟದ ಊರಿಗೆ ಅತಿ ಕಡಿಮೆ ಭತ್ಯೆ ಹೋಗುವಂಥ ಲೆಕ್ಕ ಇದು. ಗ್ರಾಮೀಣ ಅಂಚೆ ನೌಕರರ ಹೋರಾಟವನ್ನು ಪತ್ರಿಕೆಗಳು ಪಗಾರದ ಹೋರಾಟವೆಂದೇ ಬರೆಯುತ್ತ ಬಂದಿವೆ. ನನ್ನ ದೃಷ್ಟಿಯಲ್ಲಿ ಅದು ಮೊದಲಿಗೆ ಈ ಅಳತೆಯ ಮೇಲಿನ ಹೋರಾಟ.

ಸಂಘಗಳ ಕಥೆ ಶುರುವಾದದ್ದು ಪಟ್ಟಣಗಳಲ್ಲಿ. 1920ರ ದಶಕದ ಆರಂಭದಲ್ಲಿ ಅಂಚೆ ನೌಕರರ ಲಾಹೋರ್ ಅಧಿವೇಶನದಲ್ಲಿ ಮಾಡಿದ ಭಾಷಣಕ್ಕಾಗಿ ಕಲ್ಕತ್ತೆಯ ತಾರಾಪದ ಮುಖರ್ಜಿ ಕೆಲಸ ಕಳೆದುಕೊಂಡರು. ಅಂಚೆ ನೌಕರರ ಸಂಘಗಳು ಇವತ್ತಿಗೂ ಅವರನ್ನು ತಮ್ಮ ಚಳವಳಿಯ ಪಿತಾಮಹರೆಂದು ನೆನೆಯುತ್ತವೆ. ಆ ಚಳವಳಿಯ ದೊಡ್ಡ ಅಲೆ ಎದ್ದದ್ದು 1946ರಲ್ಲಿ. ಯುದ್ಧ ಮುಗಿದಿತ್ತು, ಬೆಲೆಗಳು ಇಳಿದಿರಲಿಲ್ಲ, ಫೆಬ್ರವರಿಯಲ್ಲಿ ಮುಂಬಯಿಯ ನೌಕಾಪಡೆಯ ಹುಡುಗರು ಬಂಡೆದ್ದಿದ್ದರು. ಜುಲೈ 11ರಂದು ವಿ.ಜಿ. ದಳವಿಯವರ ನೇತೃತ್ವದ ಅಖಿಲ ಭಾರತ ಪೋಸ್ಟ್‌ಮನ್ ಮತ್ತು ಕೆಳದರ್ಜೆ ನೌಕರರ ಸಂಘ ಮುಷ್ಕರ ಹೂಡಿತು. ಬೆಳಗಾವಿ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಜುಲೈ 22ರಂದು ಮುಂಬಯಿ, 29ರಂದು ಕಲ್ಕತ್ತೆ ಅಂಚೆಯವರಿಗಾಗಿ ಬಂದ್ ಆದವು. ಗಿರಣಿ ಕಾರ್ಮಿಕ, ಟ್ರಾಮ್ ಕಾರ್ಮಿಕ, ವಿದ್ಯಾರ್ಥಿ ಎಲ್ಲ ಬೀದಿಗಿಳಿದರು. ಆಗಸ್ಟ್ ಮೊದಲ ವಾರದಲ್ಲಿ ಮುಷ್ಕರ ನಿಂತಿತು. ನ್ಯಾಯಮೂರ್ತಿ ರಾಜಾಧ್ಯಕ್ಷರು ಅದೇ ವರ್ಷ ಅಂಚೆ ಮತ್ತು ತಂತಿ ಇಲಾಖೆಯ ನೌಕರರ ವ್ಯಾಜ್ಯದಲ್ಲಿ ತೀರ್ಪು ಕೊಟ್ಟರು. ಅಂಚೆಯವರ ಇತಿಹಾಸದಲ್ಲಿ ಎರಡೂ ಕಡೆಯ ವಾದ ಕೇಳಿ ಮೂರನೆಯವರೊಬ್ಬರು ನಿರ್ಣಯ ಕೊಟ್ಟ ಅಪರೂಪದ ಸಂದರ್ಭ ಇದು.

ಸ್ವಾತಂತ್ರ್ಯದ ನಂತರ 1954ರಲ್ಲಿ ಬಿಡಿ ಸಂಘಗಳೆಲ್ಲ ಸೇರಿ ಅಂಚೆ ಮತ್ತು ತಂತಿ ನೌಕರರ ರಾಷ್ಟ್ರೀಯ ಒಕ್ಕೂಟವಾಯಿತು. ಎರಡು ವರ್ಷದ ಮೇಲೆ ಬೆಳಗಾವಿ ಜಿಲ್ಲೆಯೇ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. 1960ರ ಜುಲೈನಲ್ಲಿ ಕೇಂದ್ರ ಸರಕಾರಿ ನೌಕರರು ಐದು ದಿನ ಕೆಲಸ ನಿಲ್ಲಿಸಿದರು, ನೆಹರೂ ಸರಕಾರ ಸುಗ್ರೀವಾಜ್ಞೆ ತಂದು ಅದನ್ನು ಮುರಿಯಿತು. 1968ರ ಸೆಪ್ಟೆಂಬರ್ 19ರ ಒಂದು ದಿನದ ಮುಷ್ಕರದಲ್ಲಿ ಗೋಲಿಬಾರ್ ನಡೆದು ಜೀವಗಳೇ ಹೋದವು. ಈ ಎರಡರ ನಡುವೆ, 1966ರಲ್ಲಿ, ಸರಕಾರ ಜಂಟಿ ಸಮಾಲೋಚನಾ ವ್ಯವಸ್ಥೆಯನ್ನು ತಂದಿತು. ಪಗಾರ, ಕೆಲಸದ ತಾಸು, ರಜೆ ಈ ಮೂರರ ಬಗ್ಗೆ ನೌಕರರ ಪ್ರತಿನಿಧಿಗಳೂ ಅಧಿಕಾರಿಗಳೂ ಎದುರುಬದುರು ಕೂತು ಮಾತಾಡಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥರ ಬಳಿ ಹೋಗಬೇಕು. ನಮ್ಮ ಸರಕಾರಿ ನೌಕರರಿಗೆ ಒಪ್ಪಂದದ ಮಾತುಕತೆ ಎಂದರೆ ಇದೇ. ಬೆಳಗಾವಿಯ ಪ್ರಧಾನ ಕಚೇರಿಯ ಗುಮಾಸ್ತರಿಗೂ ನಗರದ ಪೋಸ್ಟ್‌ಮನ್‌ಗಳಿಗೂ ಅಲ್ಲಿ ಪ್ರಾತಿನಿಧ್ಯ ಸಿಕ್ಕಿತು. ಖಾನಾಪುರದ ಶಾಖಾ ಪೋಸ್ಟ್‌ಮಾಸ್ತರರಿಗೆ ಸಿಗಲಿಲ್ಲ. ಅವರು ಇಲಾಖೇತರರು.

ಹಾಗಾದರೆ ಅವರು ಯಾರು? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೇರಳದ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ 1977ರ ಏಪ್ರಿಲ್ 22ರಂದು, ತುರ್ತುಪರಿಸ್ಥಿತಿ ತೆರವಾಗಿ ತಿಂಗಳು ಕಳೆದಿತ್ತಷ್ಟೆ, ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಇಲಾಖೇತರ ನೌಕರರು ದಿನಗೂಲಿಗಳಲ್ಲ, ಅವರದು ಸರಕಾರದ ಅಧೀನದ ನಾಗರಿಕ ಹುದ್ದೆ. ವಿಚಾರಣೆಯಿಲ್ಲದೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಈ ಹುದ್ದೆ ಖಾಯಂ ನಾಗರಿಕ ಸೇವೆಯ ಹೊರಗಿನದು. ಮೊದಲ ಮಾತನ್ನು ಸಂಘಗಳು ಹಿಡಿದುಕೊಂಡವು, ಎರಡನೆಯದನ್ನು ಸರಕಾರ ಹಿಡಿದುಕೊಂಡಿತು. ಇಬ್ಬರೂ ಇಂದಿಗೂ ಬಿಟ್ಟಿಲ್ಲ.

ಕಾರ್ಮಿಕ ಕಾನೂನಿನ ಬಾಗಿಲೂ ಹೀಗೇ ತೆರೆಯುತ್ತ ಮುಚ್ಚುತ್ತ ಬಂತು. ಯಾವುದು ಕೈಗಾರಿಕೆ ಎಂಬುದನ್ನು ದೇಶಕ್ಕೆಲ್ಲ ನಿರ್ಧರಿಸಿದ್ದು 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ವಿಶಾಲ ವ್ಯಾಖ್ಯೆಯ ಪ್ರಕಾರ ಅಂಚೆ ಇಲಾಖೆಯೂ ಕೈಗಾರಿಕೆಯೇ. 1996ರಲ್ಲಿ ವೈಕಂನ ಇಲಾಖೇತರ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಅಂಚೆ ಕೈಗಾರಿಕೆಯಲ್ಲ ಎಂದಿತು. ಮರುವರ್ಷವೇ ಮೂವರು ನ್ಯಾಯಮೂರ್ತಿಗಳ ಪೀಠ, ಬೆಂಗಳೂರಿನ ತೀರ್ಪು ನಿಂತಿರುವವರೆಗೆ ಹಾಗೆ ಹೇಳಲು ಬರುವುದಿಲ್ಲವೆಂದು ಅದನ್ನು ತಳ್ಳಿಹಾಕಿತು. ಕಾಡಿನ ದಾರಿಯಲ್ಲಿ ಚೀಲ ಹೊತ್ತವರು ಕಾರ್ಮಿಕರೋ ಅಲ್ಲವೋ ಎಂಬುದು ಹೀಗೆ ಎರಡು ವರ್ಷದಲ್ಲಿ ಎರಡು ಸಲ ಬದಲಾಯಿತು.

ಪಗಾರದ ಮಾತಿಗೆ ಸಮಿತಿಗಳು. 1950ರ ದಶಕದ ಕೊನೆಯಲ್ಲಿ ರಾಜನ್ ಸಮಿತಿ, ಆಮೇಲೆ ಮದನ್ ಕಿಶೋರ್ ಸಮಿತಿ, 1986ರಲ್ಲಿ ಸಾವೂರ್ ಸಮಿತಿ. ಖಾಯಂ ನೌಕರರಿಗೆ ವೇತನ ಆಯೋಗ, ಇಲಾಖೇತರರಿಗೆ ಬೇರೆಯೇ ಒಂದು ಸಮಿತಿ, ಬಹುತೇಕ ಅದೇ ಇಲಾಖೆಯ ಅಧಿಕಾರಿಗಳಾಗಿದ್ದವರ ನೇತೃತ್ವದಲ್ಲಿ. ನ್ಯಾಯಾಧೀಶರೊಬ್ಬರು ನಮ್ಮ ಮಾತು ಕೇಳಲಿ ಎಂಬ ಸಂಘಗಳ ಹಟಕ್ಕೆ ಒಮ್ಮೆ ಮಾತ್ರ ಫಲ ಸಿಕ್ಕಿತು. 1995ರಲ್ಲಿ ನ್ಯಾಯಮೂರ್ತಿ ಚರಣಜಿತ್ ತಲ್ವಾರ್ ಅವರ ನೇಮಕವಾಯಿತು. ಎರಡು ವರ್ಷದ ನಂತರ ಬಂದ ಅವರ ವರದಿ ಭತ್ಯೆಗೆ ವಾರ್ಷಿಕ ಬಡ್ತಿಯ ಶ್ರೇಣಿಯನ್ನು ಕೊಟ್ಟಿತು. ದಿನಕ್ಕೆ ಮೂರು ತಾಸಿನವರೆಗೆ ಕೆಲಸವಿರುವ ಶಾಖಾ ಪೋಸ್ಟ್‌ಮಾಸ್ತರರಿಗೆ ತಿಂಗಳಿಗೆ 1,280 ರೂಪಾಯಿಯಿಂದ, ಅದಕ್ಕಿಂತ ಹೆಚ್ಚಿದ್ದವರಿಗೆ 1,600 ರೂಪಾಯಿಯಿಂದ ಶುರು. ವರದಿ ಪೂರ್ತಿ ಜಾರಿಯಾಗಲಿ ಎಂದು 1998ರ ಜುಲೈನಲ್ಲಿ ಮುಷ್ಕರ ನಡೆಯಿತು. 2000ನೇ ಇಸವಿಯ ಡಿಸೆಂಬರ್‌ನಲ್ಲಿ ರಾಮವಿಲಾಸ್ ಪಾಸ್ವಾನ್ ಸಂಪರ್ಕ ಸಚಿವರಾಗಿದ್ದಾಗ ದೇಶದ ಅಂಚೆ ಎರಡು ವಾರ ನಿಂತಿತು. ಆ ಮುಷ್ಕರದ ನಡುಮಧ್ಯದ ಬೇಡಿಕೆಯೇ ಇಲಾಖೇತರರ ಪಿಂಚಣಿ ಮತ್ತು ಸ್ಥಾನಮಾನ. ಖಾಯಂ ನೌಕರರು ತಮ್ಮ ಪಗಾರ ಕಳೆದುಕೊಂಡು ಹಳ್ಳಿಯವರಿಗಾಗಿ ನಿಂತ ಆ ಹದಿನಾಲ್ಕು ದಿನಗಳಿಗೆ ನಮ್ಮ ಕಾರ್ಮಿಕ ಚರಿತ್ರೆಯಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಪಿಂಚಣಿ ಬರಲಿಲ್ಲ. 2001ರಲ್ಲಿ ಹೊಸ ನಿಯಮಗಳು ಬಂದು ಇಲಾಖೇತರರು ಗ್ರಾಮೀಣ ಡಾಕ್ ಸೇವಕರಾದರು. ಹೆಸರು ಬದಲಾಯಿತು, ತಾಸಿನ ಲೆಕ್ಕ ಹಾಗೇ ಉಳಿಯಿತು.

2018ರ ಮುಷ್ಕರ ನಮ್ಮ ಕಣ್ಣೆದುರಿನದು. ಹಿನ್ನೆಲೆಯಲ್ಲಿದ್ದದ್ದು ಕಮಲೇಶ್ ಚಂದ್ರ ಸಮಿತಿಯ ವರದಿ. 2015ರಲ್ಲಿ ಬಂದ ಏಳನೇ ವೇತನ ಆಯೋಗದ ವರದಿ ಗ್ರಾಮೀಣ ಅಂಚೆ ನೌಕರರನ್ನು ಸರಕಾರಿ ನೌಕರರೆಂದು ಪರಿಗಣಿಸಲು ಒಪ್ಪಿರಲಿಲ್ಲ. ಅವರ ಪಾಲಿಗೆ ಉಳಿದದ್ದು ಈ ಸಮಿತಿ. ಅದು 2016ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ವರ್ಷ ಕಳೆದರೂ ಅದು ಸಚಿವಾಲಯದ ಕಡತದಿಂದ ಹೊರಗೆ ಬರಲಿಲ್ಲ. 2017ರ ಆಗಸ್ಟ್‌ನಲ್ಲಿ ಒಂದು ಸುತ್ತು ಮುಷ್ಕರವೂ ಆಯಿತು. ವರದಿ ಇನ್ನೂ ಕಡತದಲ್ಲಿರುವಾಗಲೇ ಡಿಸೆಂಬರ್‌ನಲ್ಲಿ ದರ್ಪಣ್ ಯೋಜನೆ ಉದ್ಘಾಟನೆಯಾಯಿತು. ಸುಮಾರು 1,400 ಕೋಟಿ ರೂಪಾಯಿಯ ಯೋಜನೆ, 1.29 ಲಕ್ಷ ಶಾಖಾ ಕಚೇರಿಗಳಿಗೆ ಕೈಯಲ್ಲಿ ಹಿಡಿಯುವ ಯಂತ್ರ. ಪುಸ್ತಕದಲ್ಲಿ ಬರೆಯುತ್ತಿದ್ದ ಲೆಕ್ಕ ಯಂತ್ರಕ್ಕೆ ಬಂತು. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಅದನ್ನು ಹಿಡಿದು ದಿಬ್ಬ ಹತ್ತುವ ಕೆಲಸವೂ ಜೊತೆಗೇ ಬಂತು. ಇಪ್ಪತ್ತೊಂದನೇ ಶತಮಾನದ ಯಂತ್ರವನ್ನು ಕೈಗೆ ಕೊಟ್ಟು ಹತ್ತೊಂಬತ್ತನೇ ಶತಮಾನದ ಭತ್ಯೆಯ ಕಲ್ಪನೆಯನ್ನು ಉಳಿಸಿಕೊಂಡದ್ದು ಅನ್ಯಾಯವೆಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಮೇ 22ರಂದು ಮುಷ್ಕರ ಶುರುವಾಯಿತು. ಕರ್ನಾಟಕಕ್ಕೆ ಅದು ಗದ್ದಲದ ವಾರ. ವಿಧಾನಸಭೆಯ ಫಲಿತಾಂಶ ಅತಂತ್ರವಾಗಿ, ಯಡಿಯೂರಪ್ಪ ರಾಜೀನಾಮೆ ಕೊಟ್ಟು, ಮುಷ್ಕರದ ಮರುದಿನ 23ಕ್ಕೆ ಕುಮಾರಸ್ವಾಮಿ ಪ್ರಮಾಣವಚನ. ಪತ್ರಿಕೆಗಳ ಮುಖಪುಟದಲ್ಲಿ ಹಳ್ಳಿಯ ಪೋಸ್ಟ್‌ಮಾಸ್ತರರಿಗೆ ಜಾಗವಿರಲಿಲ್ಲ. ಎಸ್.ಎಸ್. ಮಹಾದೇವಯ್ಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಅಖಿಲ ಭಾರತ ಗ್ರಾಮೀಣ ಡಾಕ್ ಸೇವಕರ ಸಂಘದ ಜೊತೆಗೆ ಬೇರೆ ಬಾವುಟದ ಸಂಘಗಳೂ ನಿಂತವು. ಬೆಳಗಾವಿ ಸೇರಿದಂತೆ ಜಿಲ್ಲಾ ಕೇಂದ್ರಗಳಲ್ಲಿ ಅಂಚೆ ಕಚೇರಿಗಳ ಮುಂದೆ ಧರಣಿ ನಡೆಯಿತು. ಪೆಂಡಾಲಿನಲ್ಲಿ ಕೂತವರ ಬೇಡಿಕೆ ವಿಚಿತ್ರವೆನಿಸುವಷ್ಟು ಸಣ್ಣದಾಗಿತ್ತು. ಸರಕಾರ ತಾನೇ ನೇಮಿಸಿದ ಸಮಿತಿಯ ವರದಿಯನ್ನು ಸರಕಾರವೇ ಜಾರಿ ಮಾಡಲಿ, ಅಷ್ಟೆ.

ಹಳ್ಳಿಗಳಲ್ಲಿ ಇದರ ಬಿಸಿ ತಾಗಿದ್ದು ಬಡವರಿಗೆ ಎಂಬುದನ್ನು ಮುಚ್ಚಿಡಬಾರದು. ಸಂಧ್ಯಾ ಸುರಕ್ಷೆ, ವಿಧವಾ ವೇತನ, ಅಂಗವಿಕಲರ ಮಾಸಾಶನದ ಹಣವನ್ನು ಮನೆಬಾಗಿಲಿಗೆ ತರುತ್ತಿದ್ದವರು ಅವರೇ. ಎರಡು ವಾರ ಆ ಹಣ ಬಾರದಿದ್ದರೆ ಒಂಟಿ ಮುದುಕಿಯ ಮನೆಯಲ್ಲಿ ಏನಾಗುತ್ತದೆ ಎಂಬುದು ಪೋಸ್ಟ್‌ಮನ್‌ಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಮುಷ್ಕರದ ದಿನಗಳಿಗೆ ಭತ್ಯೆಯೂ ಇರುವುದಿಲ್ಲ. ಮುಂಗಾರು ಹತ್ತಿರ ಬಂದು ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾದ ಕಾಲ. ಆದರೂ ಹದಿನಾರು ದಿನ ನಿಂತರು.

ಜೂನ್ 6ರಂದು ಕೇಂದ್ರ ಸಚಿವ ಸಂಪುಟ ಒಪ್ಪಿತು. ಹನ್ನೊಂದು ಶ್ರೇಣಿಗಳಿದ್ದ ಭತ್ಯೆ ಮೂರಕ್ಕೆ ಇಳಿಯಿತು, ಹಂತಗಳು ಎರಡಾದವು: ನಾಲ್ಕು ತಾಸಿನವರು, ಐದು ತಾಸಿನವರು. ಶಾಖಾ ಪೋಸ್ಟ್‌ಮಾಸ್ತರರಿಗೆ ಕನಿಷ್ಠ 12,000 ಮತ್ತು 14,500 ರೂಪಾಯಿ. ಸಹಾಯಕರು ಮತ್ತು ಡಾಕ್ ಸೇವಕರಿಗೆ 10,000 ಮತ್ತು 12,000. ದೇಶದಲ್ಲಿ 3.07 ಲಕ್ಷ ಜನರಿಗೆ ಇದು ಅನ್ವಯವಾಯಿತು, 2016ರ ಜನವರಿಯಿಂದ ಬಾಕಿಯೂ ಬಂತು. ಮೂರು ತಾಸಿನ ಕನಿಷ್ಠ ಮಿತಿ ಹೋಗಿ ನಾಲ್ಕಾದದ್ದು ಕಾಡಿನ ಹಳ್ಳಿಗಳ ಮಟ್ಟಿಗೆ ನಿಜವಾದ ಗೆಲುವು. ಊರು ಎಷ್ಟೇ ಸಣ್ಣದಿರಲಿ, ನಾಲ್ಕು ತಾಸಿಗಿಂತ ಕೆಳಗೆ ಅವರ ದಿನವನ್ನು ಇನ್ನು ಇಳಿಸುವಂತಿಲ್ಲ. ಆದರೆ 12, 24, 36 ವರ್ಷ ದುಡಿದವರಿಗೆ ಸಮಿತಿಯೇ ಹೇಳಿದ್ದ ಬಡ್ತಿಯ ಹೆಚ್ಚಳ 2024ರವರೆಗೆ ಸಿಗಲಿಲ್ಲ. ಮೂವತ್ತು ವರ್ಷದವರೂ ನಿನ್ನೆ ಸೇರಿದವರೂ ಅಲ್ಲಿಯವರೆಗೆ ಒಂದೇ ಶ್ರೇಣಿಯಲ್ಲಿ ಉಳಿದರು.

ಮುಷ್ಕರ ಮುಗಿದ ಮೂರು ತಿಂಗಳಿಗೆ, ಸೆಪ್ಟೆಂಬರ್ 1ರಂದು, ಅಂಚೆ ಪಾವತಿ ಬ್ಯಾಂಕ್ ಶುರುವಾಯಿತು. ಬೆರಳೊತ್ತಿ ಹಣ ಕೊಡುವುದು, ಖಾತೆ ತೆರೆಯುವುದು, ವಿಮೆ ಮಾರುವುದು, ಗುರಿ ಮುಟ್ಟುವುದು ಎಲ್ಲ ಅದೇ ನಾಲ್ಕು ತಾಸಿನೊಳಗೆ ಬಂದು ಕೂತವು. ಕಮಿಷನ್ ಇದೆ, ಆದರೆ ಈ ಹೊತ್ತು ಕೆಲಸದ ತಾಸಿಗೆ ಸೇರುವುದಿಲ್ಲ ಎಂಬುದು ಸಂಘಗಳ ದೂರು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಡಿಶಾದ ಗಂಡಿಬ ಬೆಹರಾ ಪ್ರಕರಣದಲ್ಲಿ, ಗ್ರಾಮೀಣ ಸೇವೆಯ ವರ್ಷಗಳನ್ನು ಖಾಯಂ ಪಿಂಚಣಿಯ ಅರ್ಹತೆಗೆ ಎಣಿಸಲಾಗದೆಂದು ತೀರ್ಪಿತ್ತಿತು. ಹಾಗಾಗಿ 2023ರ ಡಿಸೆಂಬರ್ 12ರಂದು ಮತ್ತೆ ಮುಷ್ಕರಕ್ಕೆ ಇಳಿದಾಗ ಪಟ್ಟಿಯಲ್ಲಿ ಹಳೆಯ ಹೆಸರುಗಳೇ ಇದ್ದವು: ಎಂಟು ತಾಸಿನ ಕೆಲಸ, ಪಿಂಚಣಿ, ಸೇವಾವಧಿಯ ಬಡ್ತಿ. ಅದು ಕೆಲವೇ ದಿನದಲ್ಲಿ, ಆ ಕ್ಷಣಕ್ಕೆ ಕೈಗೆ ಏನೂ ಹತ್ತದೆ ಮುಗಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಂಚೆ ನೌಕರರ ರಾಷ್ಟ್ರೀಯ ಒಕ್ಕೂಟದ ಮಾನ್ಯತೆಯನ್ನೇ ಇಲಾಖೆ ರದ್ದು ಮಾಡಿತ್ತು. ರೈತ ಚಳವಳಿಗೂ ರಾಜಕೀಯ ಪಕ್ಷಕ್ಕೂ ಹಣ ಕೊಟ್ಟದ್ದು ನಿಯಮಬಾಹಿರ ಎಂಬುದು ಕೊಟ್ಟ ಕಾರಣ.

ಈಗ ಮತ್ತೆ ತಯಾರಿಯ ಕಾಲ. 2016ರಿಂದ ಎಣಿಸಿದ ಹತ್ತು ವರ್ಷ 2025ರ ಡಿಸೆಂಬರ್‌ಗೆ ತುಂಬಿತು. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಅಧ್ಯಕ್ಷತೆಯ ಎಂಟನೇ ವೇತನ ಆಯೋಗ 2025ರ ನವೆಂಬರ್‌ನಲ್ಲಿ ರಚನೆಯಾಗಿದೆ. ಗ್ರಾಮೀಣ ಅಂಚೆ ನೌಕರರನ್ನೂ ಅದರ ವ್ಯಾಪ್ತಿಗೆ ಸೇರಿಸಿ ಎಂದು ನೌಕರರ ಕಡೆಯವರು ಕೇಳಿದ್ದರು. ಅಧಿಸೂಚನೆಯಲ್ಲಿ ಅವರ ಹೆಸರಿಲ್ಲ. ಸಂಘಗಳಿಗೆ ಉಳಿದಿರುವುದು ಎರಡೇ ದಾರಿ: ಆಯೋಗದೊಳಗೆ ಸೇರಿಸಿಕೊಳ್ಳಲು ಒತ್ತಾಯ, ಇಲ್ಲವೇ ಮತ್ತೊಂದು ಸಮಿತಿಗೆ ಮತ್ತೊಂದು ಮನವಿ.

ಎರಡರಲ್ಲಿ ಯಾವುದಾದರೂ ಮನವಿಯ ನಿಜವಾದ ಬಲ ಇರುವುದು ದಿಲ್ಲಿಯ ಭಾಷಣದಲ್ಲಲ್ಲ, ಶಾಖೆಯಿಂದ ಬರುವ ವಿವರದಲ್ಲಿ. ಯಾವ ಕಚೇರಿಯಿಂದ ಯಾವ ಹಳ್ಳಿಗೆ ಎಷ್ಟು ಕಿ.ಮೀ., ಮಳೆಗಾಲದಲ್ಲಿ ಸುತ್ತು ಹಾಕಿದರೆ ಎಷ್ಟು, ಯಂತ್ರಕ್ಕೆ ಸಿಗ್ನಲ್ ಸಿಗುವ ಜಾಗ ಎಲ್ಲಿ, ಚೀಲ ಬರುವ ಬಸ್ ಎಷ್ಟು ಹೊತ್ತಿಗೆ, ಬ್ಯಾಂಕಿನ ಕೆಲಸಕ್ಕೆ ಹಿಡಿಯುವ ನಿಮಿಷ ಎಷ್ಟು, ಪೆಟ್ರೋಲಿಗೆ ತಿಂಗಳಿಗೆ ಖರ್ಚೆಷ್ಟು. ಪಟ್ಟಣದ ಬೇಡಿಕೆ ಪಟ್ಟಿಯಲ್ಲಿ ಇವು ಕಾಣುವುದಿಲ್ಲ. ಕಣಕುಂಬಿ, ಜಾಂಬೋಟಿ ಕಡೆಯವರು ತಾವೇ ಬರೆದರೆ ಮಾತ್ರ ಇವು ದಾಖಲೆಗೆ ಬರುತ್ತವೆ. ಬೆಳಗಾವಿಯ ಖಾಯಂ ನೌಕರರ ಸಂಘಗಳು ಈ ವಿವರಗಳನ್ನು ತಮ್ಮ ಬೇಡಿಕೆಗಳ ಜೊತೆಗೇ ಇಟ್ಟು ವಾದಿಸಬೇಕು. 2000ದಲ್ಲಿ ಅವರ ಹಿರಿಯರು ಮಾಡಿದ್ದು ಅದನ್ನೇ. ಮುಂದೆ ನೇಮಕವಾಗುವವರು ನ್ಯಾಯಾಧೀಶರಾಗಲಿ, ನಿವೃತ್ತ ಅಧಿಕಾರಿಯಾಗಲಿ, ಶಾಖಾ ಕಚೇರಿಯ ಕೆಲಸದ ತಾಸನ್ನು ಹೊಸದಾಗಿ ಅಳೆಯುವುದಾದರೆ ಒಂದು ಅಳತೆ ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ ಆಗಲಿ, ಅದೂ ಜುಲೈ ತಿಂಗಳಲ್ಲಿ ಆಗಲಿ.